ಭದ್ರಾವತಿ ಗಿರಣಿಯ ಕೆಂಪು ಗೀಟು

ಬೆಳಿಗ್ಗೆ ಎಂಟೂವರೆಗೆ ಶಿವಮೊಗ್ಗದಲ್ಲಿ ಭದ್ರಾವತಿ ಬಸ್ಸು ಹತ್ತಿದೆ. ಸರ್ಕಾರಿ ಬಸ್ಸು, ಹೆಂಗಸರಿಗೆ ಸೊನ್ನೆ ರೂಪಾಯಿ ಟಿಕೆಟ್. ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲದ ದಾರಿ. ನನ್ನ ಅರವತ್ತು ವರ್ಷದಲ್ಲಿ ಈ ದಾರಿಯಲ್ಲಿ ಹೆದರಿಕೊಂಡು ಹೋದದ್ದು ಇದೇ ಮೊದಲು.

ಹಿಂದಿನ ಸಂಜೆ ತಂಗಿ ಶಾರದೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ರೋಡಿನ ಅಳತೆಯವರು ಗಿರಣಿ ಗೋಡೆಗೆ ಕೆಂಪು ಗೀಟು ಎಳೆದು ಹೋಗಿದಾರೆ ಅಕ್ಕ. ನೀನೊಂದ್ಸಲ ಬಾ."

ಭದ್ರಾವತಿಯಿಂದ ಹೊಳೆಹೊನ್ನೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಅವಳ ಹಿಟ್ಟಿನ ಗಿರಣಿ. ಅದರ ಮುಂದಿನ ಗುಂಡಿಯಲ್ಲೇ ಎರಡು ವರ್ಷದ ಹಿಂದೆ ಅವಳ ಗಂಡ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಅಂದಿನಿಂದ ಮನೆ ನಡೆಯುವುದು ಗಿರಣಿಯಿಂದಲೇ. ನಾನು ಸುಮ್ಮನಿರುವವಳಲ್ಲ. ಟೀಚರಾಗಿದ್ದ ಹಳೇ ಚಾಳಿ; ರಸ್ತೆ ಅಗಲ ಮಾಡಿ ಎಂದು ಅರ್ಜಿ ಬರೆದೆ, ಮನೆಮನೆ ತಿರುಗಿ ಸಹಿ ಹಾಕಿಸಿದೆ. ಮೊದಲ ಸಹಿ ಶಾರದೆಯದು. ಇಂಥ ಹೆದ್ದಾರಿಗಳ ಸುಧಾರಣೆಗೆ ಹಣ ಒದಗಿಸುವ ಮಸೂದೆ ವಿಧಾನಸಭೆಯಲ್ಲಿ ಪಾಸಾದ ದಿನ, ನಾನೇ ಪಾಸು ಮಾಡಿಸಿದವಳಂತೆ ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಬೀದಿಗೆಲ್ಲ ಪೇಡ ಹಂಚಿದೆ. ಅಗಲ ಮಾಡಲು ಜಾಗ ಎಲ್ಲಿಂದ ಬರುತ್ತದೆ ಎಂದು ಯೋಚಿಸಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುವವಳು ಅವಳು.

ಭದ್ರಾವತಿಯಲ್ಲಿಳಿದು ಆಟೋ ಹಿಡಿದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ದಾರಿಯುದ್ದಕ್ಕೂ ಗೋಡೆಗಳ ಮೇಲೆ ಕೆಂಪು ಗೀಟುಗಳು. ಎಣಿಸಲು ಹೋಗಿ, ಅರ್ಧಕ್ಕೇ ಬಿಟ್ಟೆ.

"ರೋಡು ದೊಡ್ಡದಾಗ್ತದೆ ಅಮ್ಮ, ಒಳ್ಳೇದೇ," ಎಂದ ಆಟೋದವನು.

ಗಿರಣಿಯಲ್ಲಿ ಬಿಸಿ ರಾಗಿಹಿಟ್ಟಿನ ವಾಸನೆ. ಶಾರದೆ ಗಿರಣಿಯ ಬದಿಗೋಡೆ ತೋರಿಸಿದಳು. ಗೀಟು ಬಿದ್ದಿದ್ದು ಯಂತ್ರಕ್ಕಿಂತ ಒಂದು ಮಾರು ಹಿಂದೆ. ಗೀಟಿನವರೆಗೂ ಒಡೆಯುತ್ತಾರೆ; ಯಂತ್ರ, ತಕ್ಕಡಿ, ಎಲ್ಲ ರಸ್ತೆಯ ಪಾಲಿಗೆ. ಅವಳಿಗೆ ಉಳಿಯುವುದು ಖಾಲಿ ಚೀಲ ಜೋಡಿಸಿಡುವ ಮೂಲೆ.

"ಅಳತೆಯವರು ಬಂದಾಗ ನೀನಿರಲಿಲ್ವಾ?"

"ಇದ್ದೆ. ನಮ್ಮಕ್ಕ ಅರ್ಜಿ ಬರೆದು ತರಿಸಿದ ರೋಡು ಅಂತ ಮಜ್ಜಿಗೆ ಕೊಟ್ಟೆ. ಅವರಲ್ಲಿ ಒಬ್ರು ಕಮ್ಮಿ ಇದ್ರು, ಅಳತೆ ಟೇಪಿನ ತುದಿ ನಾನೇ ಹಿಡ್ಕೊಂಡೆ."

ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಊಟಕ್ಕೆ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು.

"ಇನ್ನೊಂದು ಅರ್ಜಿ ಬರಿ ಅಕ್ಕ. ನೀನು ಬರೆದ್ರೆ ವಿಧಾನಸಭೆಯೋರೇ ಕೇಳ್ತಾರೆ," ಎಂದು ಒಂದು ಹಾಳೆ ಕೊಟ್ಟಳು. ಹಾಳೆ ಖಾಲಿ. ಕೆಳಗೆ ಮಾತ್ರ ಆಗಲೇ ಸಹಿ ಹಾಕಿಟ್ಟಿದ್ದಳು.

ಮೂರು ಗಂಟೆಗೆ ಹೊರಟೆ. ಆಟೋ ಅದೇ ಗುಂಡಿಗೆ ಇಳಿದು ಎದ್ದಿತು. ತಿರುಗಿ ನೋಡಿದೆ. ಶಾರದೆ ಗಿರಣಿಯ ಬಾಗಿಲಲ್ಲಿ ನಿಂತು ನಿಶ್ಚಿಂತೆಯಿಂದ ಕೈ ಬೀಸುತ್ತಿದ್ದಳು.