ಗಂಗವ್ವ ಚುಚ್ಚಿದ ಚುಕ್ಕಿಗಳು

ಬಹಳ ದಿನ ಹಚ್ಚದ ಬಲ್ಬನ್ನು ಹಚ್ಚಿದಾಗ ಅದರ ಮೇಲೆ ಕೂತ ಧೂಳು ಸುಡುತ್ತದಲ್ಲ, ಆ ವಾಸನೆ ನಿಮಗೂ ಗೊತ್ತಿರಬೇಕು. ಅತ್ತ ಕೂದಲು ಸುಟ್ಟದ್ದೂ ಅಲ್ಲ, ಇತ್ತ ಹಂಚು ಕಾದದ್ದೂ ಅಲ್ಲ, ಎರಡರ ನಡುವಿನದು. ಮೊನ್ನೆ ಏನನ್ನೋ ಹುಡುಕಲು ಅಟ್ಟ ಹತ್ತಿ ದೀಪ ಹಾಕಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎರಡೂ ಕೈಗಳು ತಾವಾಗಿಯೇ ತಲೆಯನ್ನು ಮುಚ್ಚಿಕೊಂಡವು. ಅರವತ್ತರ ಹತ್ತಿರ ಬಂದ ಹೆಂಗಸು, ತನ್ನದೇ ಮನೆಯ ಅಟ್ಟದಲ್ಲಿ, ಹೊಡೆತ ತಪ್ಪಿಸಿಕೊಳ್ಳುವವಳ ಹಾಗೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದೆ. ಅದು ಬೆಳಗಾವಿಯ ದಂಡಿನ ಕ್ಯಾಂಪಿನಲ್ಲಿದ್ದ ಒಂದು ಹಳೆಯ ಕುದುರೆ ಲಾಯದ ವಾಸನೆ. ನನ್ನ ಕಾಕಾ ಅಲ್ಲಿ ಒಂದು ತಾರಾಲಯ ನಡೆಸುತ್ತಿದ್ದ.

ಖಾನಾಪುರದಲ್ಲಿ ನಮ್ಮದು ಹಂಚಿನ ಭಟ್ಟಿಯ ಮನೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನಾನು ನಾಲ್ಕನೇ ಇಯತ್ತೆಯಲ್ಲಿದ್ದೆ. ಭಟ್ಟಿಯ ಕೆಂಪು ಧೂಳು ಹಾಸಿಗೆಯ ಮಡಿಕೆಯಲ್ಲಿ, ಹಾಲಿನ ಕೆನೆಯ ಮೇಲೆ, ತೊಟ್ಟಿಲಲ್ಲಿದ್ದ ನನ್ನ ತಮ್ಮನ ಕಿವಿಯ ಸುರುಳಿಯಲ್ಲಿ ಕೂತಿರುತ್ತಿತ್ತು. ಮನೆಗೂ ಭಟ್ಟಿಗೂ ಒಡೆಯ ನನ್ನ ದೊಡ್ಡಪ್ಪ ಚೆನ್ನಬಸಪ್ಪ. ಊರಿನ ಜಗಳಗಳನ್ನು ನಮ್ಮ ಕಟ್ಟೆಯ ಮೇಲೆ ಕೂತು ಬಗೆಹರಿಸುತ್ತಿದ್ದ ಮನುಷ್ಯ, ಮನೆಯೊಳಗೆ ಬಂದರೆ ಹೊಡೆಯುತ್ತಿದ್ದ. ಬಾಗಿಲು ತೆರೆಯುವುದು ತಡವಾದರೆ ಹೊಡೆಯುತ್ತಿದ್ದ, ಅಡ್ಡಮಳೆ ಬಂದು ಹಸಿ ಹಂಚು ಕರಗಿದರೂ ಹೊಡೆಯುತ್ತಿದ್ದ. ಮಣ್ಣು ಅರೆಯುವ ಯಂತ್ರದ ಸವೆದ ಪಟ್ಟಾ ಪಡಸಾಲೆಯ ಗೂಟದಲ್ಲಿ ತೂಗಾಡುತ್ತಿತ್ತು. ಅದರ ಏಟುಗಳಲ್ಲಿ ಹೆಚ್ಚಿನ ಪಾಲು ಅವನ ಹೆಂಡತಿ, ನನ್ನ ದೊಡ್ಡವ್ವ ಗಂಗವ್ವನಿಗೆ. ಆ ಹೊತ್ತಿನಲ್ಲಿ ನನ್ನ ಅಪ್ಪ ಎದ್ದು ಹಿತ್ತಲಿಗೆ ಹೋಗಿ ಬಾವಿಯಿಂದ ನೀರು ಸೇದಲು ಶುರುಮಾಡುತ್ತಿದ್ದ. ತುಂಬಿ ಹರಿಯುವ ಹಂಡೆಗೇ ಮತ್ತೆ ಮತ್ತೆ ಸುರಿಯುತ್ತಿದ್ದ. ಎಣ್ಣೆ ಕಾಣದ ಗಡಗಡಿ ಕಿರುಚುವಷ್ಟು ಹೊತ್ತು ಒಳಗಿನ ಸದ್ದು ಅವನಿಗೆ ಕೇಳಿಸುತ್ತಿರಲಿಲ್ಲ. ಅವ್ವ ನನ್ನ ಮುಖವನ್ನು ತನ್ನ ಮಡಿಲಿಗೆ ಒತ್ತಿ ಹಿಡಿಯುತ್ತಿದ್ದಳು. ಎಲ್ಲ ಮುಗಿದ ಮೇಲೆ ದೊಡ್ಡವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಬಂದು ನಮಗೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಬಡಿಸುತ್ತಿದ್ದಳು. ನಾವು ಉಣ್ಣುತ್ತಿದ್ದೆವು. ಆ ರೊಟ್ಟಿ ಎಷ್ಟು ರುಚಿಯಾಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಅಪ್ಪನ ತಮ್ಮ ಈರಪ್ಪ ಕಾಕಾ ಈ ಮನೆಯಿಂದ ಎಂದೋ ಓಡಿಹೋಗಿದ್ದ. ದೊಡ್ಡಪ್ಪ ಎಡಚ, ಬೀಸಿ ಬಂದ ಅವನ ಎಡಗೈ ಕಾಕಾನ ಬಲಗಿವಿಗೆ ಬಡಿದು ರಕ್ತ ಸೋರಿದ ಮೇಲೆ ಆ ಕಿವಿ ಮತ್ತೆ ಕೇಳಲಿಲ್ಲ. ಕಾಕಾ ಅವತ್ತೇ ಬೆಳಗಾವಿಗೆ ಹೋಗಿ ಕ್ಯಾಂಪಿನ ಗ್ಯಾರೇಜೊಂದರಲ್ಲಿ ಲಾರಿ ರಿಪೇರಿ ಕಲಿತ. ಒಮ್ಮೆ ಲಾರಿಯ ಜೊತೆ ದೂರದ ಶಹರಕ್ಕೆ ಹೋದಾಗ ಅಲ್ಲಿನ ತಾರಾಲಯ ನೋಡಿ ಬಂದವನಿಗೆ ಅದೇ ಹುಚ್ಚು ಹಿಡಿಯಿತು. ಒಂದು ಬಂಗಲೆಯ ಹಿಂದಿದ್ದ ಪಾಳು ಲಾಯವನ್ನು ಕೇಳಿ ಪಡೆದು, ಒಳಗೆ ಬಿದಿರಿನ ಕಮಾನು ಕಟ್ಟಿ, ಹಳೆಯ ಮಿಲಿಟರಿ ಡೇರೆಯ ಬಟ್ಟೆಗೆ ಸುಣ್ಣ ಬಳಿದು ಗುಮ್ಮಟ ಮಾಡಿದ. ಬ್ಯಾಟರಿ, ಸಣ್ಣ ಬಲ್ಬು, ತಿರುಗಿಸಲು ಸೈಕಲ್ಲಿನ ಚೈನು, ಎಲ್ಲ ಇತ್ತು. ಒಳಗಿನ ಬಲ್ಬಿನ ಬೆಳಕನ್ನು ತೂತುಗಳಿಂದ ಚುಕ್ಕಿಗಳಾಗಿ ಚೆಲ್ಲುವ ಗೋಳವೊಂದು ಬೇಕಾಗಿತ್ತು. ತಗಡಿನಲ್ಲಿ ಮಾಡಿ ನೋಡಿದ, ಸರಿಬರಲಿಲ್ಲ. ಕೊನೆಗೆ ಖಾನಾಪುರದ ಸಂತೆಯಲ್ಲಿ ದೊಡ್ಡವ್ವನನ್ನು ಕಂಡು ಆಕಾಶದ ಒಂದು ನಕಾಶೆ ಅವಳ ಕೈಗಿಟ್ಟು, ಮಣ್ಣಿನಲ್ಲಿ ಮಾಡಿಕೊಡಲು ಕೇಳಿದ.

ದೊಡ್ಡವ್ವ ಕುಂಬಾರರ ಮನೆಯ ಮಗಳು. ಗಡಿಗೆ ತಟ್ಟಿ ತಟ್ಟಿ ಗುಂಡಗೆ ಮಾಡುವ ಕೈ ಅವಳದು. ದೊಡ್ಡಪ್ಪ ಕಟ್ಟಿಗೆಗೆಂದು ಹೊರಗೆ ಹೋದ ಮಧ್ಯಾಹ್ನಗಳಲ್ಲಿ ಭಟ್ಟಿಯ ಗೋಡೆಯ ಹಿಂದೆ ಕೂತು ಗೋಳ ತಟ್ಟಿದಳು. ಮೊದಲ ಎರಡು ಸುಡುವಾಗ ಒಡೆದವು. ಮೂರನೆಯದಕ್ಕೆ ಇನ್ನೂ ಹಸಿಯಿದ್ದಾಗಲೇ ಛತ್ರಿಯ ಕಡ್ಡಿಯಿಂದ, ದಬ್ಬಣದಿಂದ ತೂತು ಹಾಕಿದಳು. ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿದ್ದ ಅವಳ ತೋರುಬೆರಳು ದಬ್ಬಣದ ಮೇಲೆ ಎಷ್ಟು ಹಗುರವಾಗಿ ಕೂರುತ್ತಿತ್ತು! ನಾನು ನಕಾಶೆ ಹಿಡಿದು ಓದಿ ಹೇಳುತ್ತಿದ್ದೆ.

"ಇದ ಯಾವ್ದು, ನೀಲಾ?"

"ಸಪ್ತರ್ಷಿ ಐತಿ ದೊಡ್ಡವ್ವ. ಏಳ ಅದಾವು."

"ತೂತು ದೊಡ್ಡದ ಮಾಡ್ಲೋ, ಸಣ್ಣದೋ? ಸರಿಯಾಗಿ ನೋಡಿ ಹೇಳು, ಚುಕ್ಕಿ ತಪ್ಪಬಾರ್ದು."

ಮೂರನೆಯದು ಒಡೆಯಲಿಲ್ಲ. ಕಾಕಾ ಕಳಿಸಿದ ಲಾರಿಯೊಂದರಲ್ಲಿ ಹುಲ್ಲಿನ ನಡುವೆ ಕೂತು ಅದು ಬೆಳಗಾವಿ ಸೇರಿತು. ಮುಂದಿನ ರವಿವಾರ ಆಟ ನೋಡಲು ಬನ್ನಿ ಎಂದು ಕಾಕಾ ಹೇಳಿ ಕಳಿಸಿದ.

ಆ ವಾರ ಒಂದು ಸಂಜೆ ದೊಡ್ಡಪ್ಪ ನನ್ನನ್ನು ಕಟ್ಟೆಯ ಮೇಲೆ ಪಕ್ಕಕ್ಕೆ ಕೂರಿಸಿಕೊಂಡು ಪೆಪ್ಪರಮೆಂಟು ಕೊಟ್ಟ. "ಗ್ವಾಡಿ ಹಿಂದ ಇಬ್ರೂ ಏನ ಮಾಡಾಕತ್ತಿದ್ರಿ, ಮಗಳ?" ಎಂದ. ಅಷ್ಟು ಮೆತ್ತಗಿನ ದನಿಯಲ್ಲಿ ಅವನು ನನ್ನ ಜೊತೆ ಎಂದೂ ಮಾತಾಡಿರಲಿಲ್ಲ. ಆ ದನಿಗೆ ನಾನು ಕರಗಿಹೋದೆ. ಗೋಳ, ಕಾಕಾ, ಕುದುರೆ ಲಾಯ, ರವಿವಾರ, ಎಲ್ಲ ಹೇಳಿಬಿಟ್ಟೆ. "ಶಾಣ್ಯಾಕಿ ಅದಿ" ಎಂದು ಬೆನ್ನು ತಟ್ಟಿದ. ಶನಿವಾರ ಬೆಳಗ್ಗೆ, ಲೋಂಡಾದಿಂದ ಕಟ್ಟಿಗೆ ತರಬೇಕು, ಬರುವುದು ಎರಡು ದಿನವಾಗುತ್ತದೆ ಎಂದು ಹೇಳಿ ಹೊರಟುಹೋದ.

ರವಿವಾರ ದೊಡ್ಡವ್ವ ಇಳಕಲ್ಲ ಸೀರೆ ಉಟ್ಟು ನನ್ನ ಕೈ ಹಿಡಿದು ರೈಲು ಹತ್ತಿದಳು. ಬೆಳಗಾವಿಯಲ್ಲಿ ಇಳಿದು ಬ್ಯಾರಕ್ಕುಗಳ ಪಕ್ಕದಲ್ಲಿ, ಚರ್ಚಿನ ಗಂಟೆಯ ಸದ್ದಿನಲ್ಲಿ, ದೊಡ್ಡ ಮರಗಳ ನೆರಳು ಹಿಡಿದು ನಡೆದೆವು. ಲಾಯದೊಳಗೆ ಗೋಣಿತಾಟು ಹಾಸಿತ್ತು. ಸಿಪಾಯಿಗಳ ಹೆಂಡಂದಿರು, ಶಾಲೆಯ ಹುಡುಗಿಯರು, ಎಲ್ಲ ಸೇರಿ ಮೂವತ್ತು ಜನ ಇದ್ದಿರಬಹುದು. ಕಾಕಾ ದೊಡ್ಡವ್ವನ ಕಾಲು ಮುಟ್ಟಿ, "ಮಕ್ಕೋರಿ ವೈನಿ, ಮಕ್ಕೊಂಡ ನೋಡಬೇಕ ಇದನ್ನ" ಎಂದ. ಪರಜನರ ನಡುವೆ ಮಲಗುವುದಕ್ಕೆ ನಾಚುತ್ತ, ನಗುತ್ತ ಅವಳು ಅಂಗಾತ ಮಲಗಿದಳು. ಬಾಗಿಲು ಮುಚ್ಚಿತು. ಬಲ್ಬು ಹತ್ತಿತು, ಧೂಳು ಸುಡುವ ವಾಸನೆ ಎದ್ದಿತು. ಮರುಕ್ಷಣ ನಮ್ಮ ಮೇಲೆ ಆಕಾಶ ಬಿಚ್ಚಿಕೊಂಡಿತು. ಕಾಕಾ ಹಿಡಿಕೆ ತಿರುಗಿಸಿದಂತೆ ಇಡೀ ಆಕಾಶ ಮೆಲ್ಲಗೆ ಹೊರಳಿತು. ಗೋಣಿತಾಟೇ ನಮ್ಮನ್ನು ಹೊತ್ತು ತೇಲಿದಂತಾಗಿ ನಾನು ದೊಡ್ಡವ್ವನ ಸೆರಗು ಹಿಡಿದೆ. "ಚುಕ್ಕಿ ಹುಟ್ಟತಾವು, ಚುಕ್ಕಿ ಸಾಯತಾವು. ಸಾಯೂ ಮುಂದ ಒಡದ ಚೂರಾಗತಾವು" ಎಂದು ಕಾಕಾ ಹೇಳುತ್ತಿದ್ದ. ದೊಡ್ಡವ್ವ ಸಣ್ಣ ಹುಡುಗಿಯಂತೆ ಗಟ್ಟಿಯಾಗಿ ನಕ್ಕು, "ನೀಲಾ, ಅವು ಏಳ ನೋಡು, ನಾ ಚುಚ್ಚಿದ್ದು!" ಎಂದಳು. ಅವಳು ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಬಾಗಿಲಿಗೆ ಬಿದ್ದ ಒದೆತಕ್ಕೆ ಅಗಳಿ ಕಿತ್ತು ಬಂತು. ಮಧ್ಯಾಹ್ನದ ಬಿಸಿಲು ನುಗ್ಗಿ ಒಂದೇ ಏಟಿಗೆ ಎಲ್ಲ ಚುಕ್ಕಿಗಳನ್ನೂ ಅಳಿಸಿಹಾಕಿತು. ದೊಡ್ಡಪ್ಪ ಮಲಗಿದ್ದವರನ್ನು ತುಳಿಯುತ್ತ ಬಂದು ದೊಡ್ಡವ್ವನ ತುರುಬಿಗೆ ಕೈ ಹಾಕಿ ಎಳೆದ. ಹೆಂಗಸರು ಚೀರಿದರು. "ಅಹೋ, ಸೋಡಾ ತಿಲಾ!" ಎಂದು, ಅವಳನ್ನು ಬಿಡು ಎಂದು, ಯಾರೋ ಮರಾಠಿಯಲ್ಲಿ ಕೂಗಿದರು. ನಾನು ಅವನ ಕಾಲಿಗೆ ಜೋತುಬಿದ್ದೆ. ಅವನು ಜಾಡಿಸಿದ ರಭಸಕ್ಕೆ ನನ್ನ ತಲೆ ಲಾಯದ ಕಲ್ಲುಕಂಬಕ್ಕೆ ಬಡಿದು ಬಿಸಿಯಾದದ್ದೇನೋ ಕಣ್ಣಿಗೆ ಇಳಿಯಿತು. ಅಡ್ಡ ಬಂದ ಕಾಕಾನ ಮುಖಕ್ಕೆ ಸ್ಟೂಲು ಬೀಸಿದ. ಕಾಕಾ ಹಲ್ಲು ಉಗುಳುತ್ತ ಮೊಣಕಾಲೂರಿದ. "ನನ್ನ ಭಟ್ಟಿ, ನನ್ನ ಮಣ್ಣು! ಈ ಹಲ್ಕಟ್ಟಗ ಗಡಗಿ ಮಾಡಿ ಕೊಡತಿ?" ಎನ್ನುತ್ತ ದೊಡ್ಡಪ್ಪ ಇನ್ನೂ ಉರಿಯುತ್ತಿದ್ದ ಗೋಳವನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ಚೂರುಗಳು ಗೋಡೆಗೆ ಸಿಡಿದವು. ಆಮೇಲೆ ಅವಳನ್ನು ಒದೆಯತೊಡಗಿದ. ಹೊಟ್ಟೆಗೆ, ಪಕ್ಕೆಗೆ, ಬೆನ್ನಿಗೆ. ಸುತ್ತ ಮೂವತ್ತು ಜನ ನಿಂತಿದ್ದರು. ಒಬ್ಬರೂ ಹತ್ತಿರ ಬರಲಿಲ್ಲ.

ಚೂರುಗಳ ನಡುವೆ ತೆವಳುತ್ತಿದ್ದ ದೊಡ್ಡವ್ವನ ಕೈಗೆ ಚೈನು ತಿರುಗಿಸುವ ಕಬ್ಬಿಣದ ಹಿಡಿಕೆ ಸಿಕ್ಕಿತು. ಅವಳು ಎದ್ದು ನಿಂತಳು. ದೊಡ್ಡಪ್ಪ ಮತ್ತೆ ಎಡಗೈ ಎತ್ತಿದ. ಎತ್ತಿದ ಆ ಮುಂಗೈಗೇ ಅವಳು ಹಿಡಿಕೆಯನ್ನು ಬೀಸಿದಳು. ಒಣ ಕಟ್ಟಿಗೆ ಮುರಿದಂಥ ಸದ್ದು ಬಂತು. ಅವನು ಕೈ ಅವುಚಿಕೊಂಡು ಕುಸಿದ ಮೇಲೆ ಇನ್ನೊಮ್ಮೆ, ಅದೇ ಜಾಗಕ್ಕೆ ಹೊಡೆದಳು. ಮೂರನೆಯ ಸಲ ಎತ್ತಿದಾಗ ಕಾಕಾ ರಕ್ತದ ಬಾಯಿಂದ "ಸಾಕ್ರಿ ವೈನಿ, ಸಾಯತಾನ" ಎಂದು ಅವಳ ಸೊಂಟ ಹಿಡಿದುಕೊಂಡ. ದೊಡ್ಡವ್ವನಿಗೆ ಏದುಸಿರು. "ನಾ ಆ ಮನಿಗಿ ಇನ್ನ ಬರೂದಿಲ್ಲ" ಎಂದಳು. ಅಷ್ಟೇ.

ಮುಂದಿನದನ್ನು ನಾನು ತಲೆಗೆ ಹೊಲಿಗೆ ಹಾಕಿಸಿಕೊಂಡು ಮನೆಯಲ್ಲಿ ಮಲಗಿದ್ದಾಗ ಅರಿತೆ. ಹೆಂಡತಿ ಹೊಡೆದಳೆಂದು ಫಿರ್ಯಾದಿ ಕೊಡಲು ದೊಡ್ಡಪ್ಪನಿಗೆ ಮಾನ ಅಡ್ಡಬಂತು. ಡಾಕ್ಟರ ಬಳಿಗೂ ಹೋಗದೆ ಹಳ್ಳಿಯ ನಾಟಿ ವೈದ್ಯನಿಂದ ಬಿಗಿಯಾಗಿ ಪಟ್ಟಿ ಕಟ್ಟಿಸಿಕೊಂಡ. ಪಟ್ಟಿ ಬಿಚ್ಚುವಾಗ ಕೈ ಬತ್ತಿಹೋಗಿತ್ತು, ಬೆರಳುಗಳು ಮುಷ್ಟಿಯಾಗಿ ಮಡಚಿಕೊಂಡಿದ್ದವು. ಮತ್ತೆಂದೂ ಬಿಚ್ಚಲಿಲ್ಲ. ಗೂಟದ ಪಟ್ಟಾವನ್ನು ಒಂದು ದಿನ ಅಪ್ಪ ಯಾರಿಗೂ ಹೇಳದೆ ತೆಗೆದು ಭಟ್ಟಿಯ ಬೆಂಕಿಗೆ ಹಾಕಿದ. ಅವನ ಜೀವಮಾನದ ಧೈರ್ಯವೆಲ್ಲ ಅದೊಂದರಲ್ಲಿ ಖರ್ಚಾಯಿತು.

ದೊಡ್ಡವ್ವ ಬೆಳಗಾವಿಯ ಅಂಚಿನ ಪೀರನವಾಡಿಯಲ್ಲಿ ಒಂದು ಖೋಲಿ ಹಿಡಿದು ಗಡಿಗೆ ಮಾರಿ ಬದುಕಿದಳು. ಜನ ಅವಳ ಬಗ್ಗೆ ಆಡಬಾರದ್ದನ್ನೆಲ್ಲ ಆಡಿದರು. ಅವಳು ಕಾಕಾನಿಗೆ ಇನ್ನೊಂದು ಗೋಳ ಮಾಡಿಕೊಟ್ಟಳು. ಹಲ್ಲು ಹೋಗಿ ಕಾಕಾನ ಮಾತು ತೊದಲುತ್ತಿದ್ದುದರಿಂದ ರವಿವಾರದ ಆಟದಲ್ಲಿ ಚುಕ್ಕಿಗಳ ಹೆಸರು ಹೇಳುವ ಕೆಲಸವೂ ಅವಳದೇ ಆಯಿತು. ಓದು ಬಾರದಿದ್ದರೂ ಆಕಾಶ ಪೂರ್ತಿ ಬಾಯಿಪಾಠ. ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳುತ್ತಿದ್ದಳು. ದೀಪ ಆರಿಸುವ ಮೊದಲು ತಪ್ಪದೆ ಒಂದು ಮಾತು: "ಹೆದರಬ್ಯಾಡ್ರಿ. ಬಾಗಲಾ ಗಟ್ಟಿ ಐತಿ. ಒಳಗ ಯಾರೂ ಬರೂದಿಲ್ಲ."

ಹೈಸ್ಕೂಲಿಗೆಂದು ಬೆಳಗಾವಿಗೆ ಬಂದಾಗ ನಾನು ಅವಳ ಖೋಲಿಯಲ್ಲೇ ಉಳಿದೆ. ವರ್ಷಗಳಿಂದ ಒಳಗೇ ಕೊರೆಯುತ್ತಿದ್ದುದನ್ನು ಒಂದು ಮಧ್ಯಾಹ್ನ ಅಳುತ್ತ ಹೇಳಿದೆ: "ದೊಡ್ಡಪ್ಪಗ ಹೇಳಿದಾಕಿ ನಾನ, ದೊಡ್ಡವ್ವ."

ಅವಳು ಮಣ್ಣು ತುಳಿಯುವುದನ್ನು ನಿಲ್ಲಿಸಲಿಲ್ಲ. "ನಂಗ ಗೊತ್ತಿತ್ತು. ಅವತ್ತ ನಿನ್ನ ಬಾಯಾಗ ಪೆಪ್ಪರಮೆಂಟಿನ ವಾಸನಿ ಬಂತು. ಆಂವ ಸುಮ್ಮ ಕೊಡಾಂವೇನ?"

"ಗೊತ್ತಿದ್ದೂ ಯಾಕ ಹ್ವಾದಿ ಮತ್ತ?"

"ಹೆಂಗಿದ್ರೂ ಬಡಸ್ಕೊಳ್ಳೂದು ಇದ್ದ ಇತ್ತು. ಒಮ್ಮಿ ಚುಕ್ಕಿ ನೋಡಿ ಬಡಸ್ಕೊಳ್ಳೂಣಂತ ಹ್ವಾದ್ನಿ."

ಈಗ ಅದ್ಯಾವುದೂ ಇಲ್ಲ. ಡೇರೆಯ ಬಟ್ಟೆ ಹರಿಯಿತು, ಲಾಯ ಕೆಡವಿದರು, ಕಾಕಾ ಹೋದ, ಅವನ ಹಿಂದೆ ದೊಡ್ಡವ್ವನೂ. ಭಟ್ಟಿಯ ಜಾಗದಲ್ಲಿ ಯಾರದೋ ಗೋದಾಮು ಎದ್ದಿದೆ. ನಮ್ಮ ಮನೆಯವರೆಲ್ಲ ಖಾನಾಪುರದ ಮನೆಯಲ್ಲಿ ಒಟ್ಟಿಗೆ ನಿಂತದ್ದು ಕೊನೆಯದಾಗಿ ದೊಡ್ಡಪ್ಪ ತೀರಿಕೊಂಡ ದಿನ, ಎಂಬತ್ತರ ದಶಕದ ನಡುವೆ.

ನಮ್ಮಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂರಿಸುತ್ತಾರೆ, ಎಡಗೈಯ ಅಂಗೈಯಲ್ಲಿ ಲಿಂಗ ಇಟ್ಟು ಸಮಾಧಿಗೆ ಒಯ್ಯುತ್ತಾರೆ. ದೊಡ್ಡಪ್ಪನ ಎಡಮುಷ್ಟಿ ಬಿಚ್ಚಲಿಲ್ಲ. ಅಪ್ಪ ಪ್ರಯತ್ನಿಸಿ ಸೋತ. ಅಯ್ಯನವರು ಎಣ್ಣೆ ಹಚ್ಚಿ ನೋಡಿದರು. "ಹೊತ್ತಾಗಾಕತ್ತೈತಿ, ಬೆರಳ ಮುರದ ಬಿಡೂಣು" ಎಂದರು ಯಾರೋ. ಆಗ ಬಾಗಿಲಲ್ಲಿ ದೊಡ್ಡವ್ವ ನಿಂತಿದ್ದಳು. ನಾನು ಅವಳ ಹಿಂದೆ. ಜನ ಸರಿದು ದಾರಿ ಬಿಟ್ಟರು. ಅವಳು ಬಿಸಿನೀರು ತರಿಸಿ ಅವನ ಮುಂದೆ ಕೂತು, ಆ ಮುಷ್ಟಿಯನ್ನು ಮಡಿಲಿಗೆ ತೆಗೆದುಕೊಂಡಳು. ನೀರು ಹನಿಸುತ್ತ, ತೀಡುತ್ತ, ಒಂದೊಂದೇ ಬೆರಳನ್ನು ಎತ್ತಿದಳು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಅಂಗೈ ಬಿಚ್ಚಿಕೊಂಡಾಗ ಅದರಲ್ಲಿ ಉಗುರು ನೆಟ್ಟ ನಾಲ್ಕು ಗಾಯಗಳಿದ್ದವು. ಅವನ್ನು ತೊಳೆದು, ಸೆರಗಿನಿಂದ ಒರೆಸಿ, ಲಿಂಗ ಇಟ್ಟಳು. "ಇನ್ನ ಒಯ್ರಿ" ಎಂದು ಎದ್ದಳು. ಸಮಾಧಿಗೆ ಬರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಬಸ್ಸು ಗಣೇಬೈಲು ದಾಟಿತು. ಆಮೇಲೆ ತನ್ನ ಖಾಲಿ ಮಡಿಲನ್ನೇ ನೋಡುತ್ತ ಅಂದಳು:

"ಭಾಳ ಹಗುರಿತ್ತ, ನೀಲಾ, ಆ ಕೈ. ಮೊದಲಿಂದೂ ಅಷ್ಟ ಹಗುರ ಇತ್ತೇನ ಅದು?"