ಸಭೆ ಮುಂದಕ್ಕೆ ಹೋಯ್ತಂತೆ

ತಾಂಡ್ಯದ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ನಾನು ಸೇರಿದ ಹೊಸದರಲ್ಲಿ ಕಾಲರ್ ಕೂರಿಸುವುದನ್ನು ಹೇಳಿಕೊಟ್ಟವಳು ಅಕ್ಕ. ಒಡಹುಟ್ಟಿದವಳಲ್ಲ. ನಮ್ಮ ಹೊಲಿಗೆ ಲೈನಿನಲ್ಲಿ ಎಲ್ಲರಿಗಿಂತ ಹಳಬಳಾದ್ದರಿಂದ ಹಾಗೆ ಕರೆಯುತ್ತಿದ್ದೆವು. ನನ್ನ ಬಾಣಂತನಕ್ಕೆ ತವರಿನಿಂದ ಯಾರೂ ಬರುವಂತಿರಲಿಲ್ಲ. ಅಕ್ಕ ಡ್ಯೂಟಿ ಮುಗಿಸಿ ನೇರ ನಮ್ಮ ಮನೆಗೆ ಬಂದು, ಮಗುವನ್ನು ಕಾಲಮೇಲೆ ಹಾಕಿಕೊಂಡು ನೀರು ಹಾಕಿ ಹೋಗುತ್ತಿದ್ದಳು. ಮುಂದೆ ಇಬ್ಬರೂ ಫ್ಯಾಕ್ಟರಿ ಬಿಟ್ಟು ನಂಜನಗೂಡಿನಲ್ಲಿ ಬೇರೆಬೇರೆಯಾಗಿ ಸಣ್ಣ ಹೊಲಿಗೆ ಘಟಕ ಹಾಕಿಕೊಂಡೆವು. ಅವಳ ಮೆಷಿನ್ ಕೆಟ್ಟರೆ ಬಟ್ಟೆ ನನ್ನಲ್ಲಿಗೆ ಬರುತ್ತಿತ್ತು. ನನ್ನಲ್ಲಿ ಕೆಲಸ ಮಿತಿಮೀರಿದರೆ ಅವಳ ಹೆಂಗಸರು ಬಂದು ಕೂರುತ್ತಿದ್ದರು.

ತಿ. ನರಸೀಪುರದಲ್ಲಿ ಇಲಾಖೆಯೊಂದು ಸಣ್ಣ ಉದ್ಯಮದವರ ಸಭೆ ಕರೆದಿದೆಯೆಂಬ ಸುದ್ದಿ ತಂದವಳೂ ಅವಳೇ.

"ಓಗಣ ಬಾರೆ. ಈ ಟೆಂಡರು ಅಂದ್ರೆ ಏನು ಅಂತಾದ್ರೂ ತಿಳ್ಕಳಣ."

ಸುತ್ತೂರಿನ ಮೇಲೆ ಹೋಗುವ ಬಸ್ಸು ಹಿಡಿದು ಹೋದೆವು. ಸಭೆಯಲ್ಲಿ ಒಬ್ಬ ಅಧಿಕಾರಿ ಎದ್ದು ನಿಂತು, ಮುಂದಿನ ವರ್ಷ ಹಾಸ್ಟೆಲುಗಳಿಗೆ ಬೆಡ್‌ಶೀಟು, ದಿಂಬಿನ ಕವರು ಕೊಳ್ಳುವುದಿದೆ ಎಂದರು. "ಟೆಂಡರ್ ಕರೆದ ಮೇಲೆ ಎದ್ದುಬಿದ್ದು ಓಡಿಬಂದ್ರೆ ಆಗಲ್ಲ. ಅದಕ್ಕೇ ಮುಂಚಿತವಾಗಿ ಹೇಳ್ತಿದ್ದೀವಿ. ನೋಂದಣಿ ಮಾಡಿಸಿಕೊಳ್ಳಿ, ಸ್ಯಾಂಪಲ್ ಹೊಲಿದು ನೋಡಿಕೊಳ್ಳಿ. ಷರತ್ತು ಬರೆಯೋ ಮೊದಲು ಇನ್ನೊಂದು ಸಭೆ ಕರೀತೀವಿ. ಇಡೀ ಕೆಲಸಕ್ಕೆ ಒಂದೇ ಟೆಂಡರ್ ಬೇಕೋ, ತಾಲ್ಲೂಕುವಾರು ಸಣ್ಣದಾಗಿ ಹಂಚಬೇಕೋ, ಅವತ್ತು ನೀವೇ ಹೇಳಿ."

ಸರ್ಕಾರ ನಮ್ಮಂಥವರನ್ನು ಹೀಗೆ ಕೇಳುತ್ತದೆಂದು ನನಗೆ ಗೊತ್ತಿರಲಿಲ್ಲ. ಪೋರ್ಟಲ್‌ನಲ್ಲಿ ಟೆಂಡರ್ ಕಾಣಿಸುವ ಹೊತ್ತಿಗೆ ಅದು ಯಾರದೋ ಪಾಲಾಗಿರುತ್ತದೆ ಎಂದೇ ನಂಬಿದ್ದೆ. ಹೊರಡುವಾಗ ಗುಮಾಸ್ತರು ಫೋನ್ ನಂಬರ್ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, "ಇಬ್ಬರ್ಗೂ ನನ್ ನಂಬರೇ ಸಾಕು ಸಾ. ನಾವಿಬ್ರೂ ಒಂದೇ" ಅಂದಳು. ಆ ಮಾತು ನನಗೆ ಎಷ್ಟು ಹಿತವಾಗಿತ್ತೆಂದರೆ, ಮನೆಗೆ ಬಂದು ಗಂಡನ ಮುಂದೆಯೂ ಹೇಳಿಕೊಂಡೆ.

ನಾನು ನೋಂದಣಿ ಮಾಡಿಸಿದೆ. ಸ್ಯಾಂಪಲ್ ಹೊಲಿದು, ಬಿಚ್ಚಿ, ಮತ್ತೆ ಹೊಲಿದೆ. ನಮ್ಮಲ್ಲಿಗೆ ಚಿಕ್ಕಯ್ಯನಛತ್ರದಿಂದ ಬರುತ್ತಿದ್ದ ಹೆಂಗಸರಿಗೂ ಅದೇ ಧ್ಯಾನ. ಎರಡನೆಯ ಸಭೆ ಯಾವಾಗ ಎಂದು ಕೇಳಿದಾಗಲೆಲ್ಲ ಅಕ್ಕನದು ಒಂದೇ ಉತ್ತರ. "ಮುಂದಕ್ಕೋಯ್ತಂತೆ ಕಣೇ. ಸರ್ಕಾರದ ಕೆಲ್ಸ, ನಿಂಗೊತ್ತಿಲ್ವ?"

ಹೀಗಿರುವಾಗ ನೆಂಟರ ಗೃಹಪ್ರವೇಶಕ್ಕೆಂದು ನರಸೀಪುರಕ್ಕೆ ಹೋದೆ. ಬಂದದ್ದಾಯಿತು, ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದ ಸ್ಯಾಂಪಲ್ ತೋರಿಸಿಕೊಂಡೇ ಹೋಗೋಣವೆಂದು ಆಫೀಸಿಗೆ ಕಾಲಿಟ್ಟೆ. ಅದೇ ಗುಮಾಸ್ತರು ಗುರುತು ಹಿಡಿದು ಕೇಳಿದರು:

"ಏನಮ್ಮಾ, ವಾಸಿಯಾಯ್ತಾ?"

ನನಗೆ ಏನೂ ಅರ್ಥವಾಗಲಿಲ್ಲ.

"ಮೀಟಿಂಗ್ ದಿನ ನಿಮ್ಮಕ್ಕ ಬಂದಿದ್ರಲ್ಲ. ನಿಮಗೆ ಜಾಂಡೀಸು, ಏಳೋಕಾಗ್ತಿಲ್ಲ ಅಂದ್ರು. ನಿಮ್ಮ ಪರವಾಗೂ ಅವ್ರೇ ಹೇಳಿದ್ರು. ಹಂಚೋದು ಬೇಡ, ಒಂದೇ ಟೆಂಡರ್ ಆಗ್ಲಿ ಅಂತ. ಬೇರೆ ಸಣ್ಣ ಘಟಕದವ್ರು ಯಾರೂ ಬರ್ಲಿಲ್ಲ. ಹಾಗೇ ಷರತ್ತು ಬರೆದು ಟೆಂಡರೂ ಕರೆದಾಯ್ತು."

ಇಡೀ ಕೆಲಸ ಒಟ್ಟಿಗೆ ಎತ್ತಬೇಕಾದರೆ ದೊಡ್ಡ ಫ್ಯಾಕ್ಟರಿಯೇ ಬೇಕು. ನನ್ನ ಕೈಲಿ ಆಗದು, ಅಕ್ಕನ ಕೈಲೂ ಆಗದು. ಆದರೆ ಅವಳ ಮೈದುನನಿಗೆ ತಾಂಡ್ಯದಲ್ಲಿ ಅಂಥದ್ದೊಂದು ಫ್ಯಾಕ್ಟರಿ ಇತ್ತು. ಅದು ನನಗೆ ಮೊದಲೇ ಗೊತ್ತಿತ್ತು. ಈ ಕೆಲಸಕ್ಕೂ ಅವನಿಗೂ ಗಂಟು ಹಾಕಿ ಯೋಚಿಸಿರಲಿಲ್ಲ, ಅಷ್ಟೇ.

ಬಸ್ಸಿನಲ್ಲಿ ಕೂತು ಬರುವಾಗ ಕೆಲಸ ಹೋದದ್ದಕ್ಕಿಂತ ಆ ಜಾಂಡೀಸೇ ನನ್ನನ್ನು ಹೆಚ್ಚು ಹಿಂಡಿತು. ನನಗೆ ಬಾಣಂತನ ಮಾಡಿದವಳು, ಅಧಿಕಾರಿಗಳೆದುರು ಕಣ್ಣು ಮಿಟುಕಿಸದೆ ನನ್ನನ್ನು ಕಾಯಿಲೆ ಮಲಗಿಸಿದ್ದಳು.

ಇಳಿದವಳು ನೇರ ಅವಳ ಮನೆಗೆ ಹೋದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ಊ ಕಣೇ, ಓಗಿದ್ದೆ" ಅಂದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಯೋಳಿದ್ರೆ ನೀನೂ ಬಂದು ಸಣ್ಣಸಣ್ಣದು ಮಾಡಿ ಅಂತಿದ್ದೆ. ನನ್ ಮಗಳ ಮದ್ವೆಗೆ ಮುಂದೆ ನಿಂತೋನು ಮೈದ್ನ. ಅವನ ಮಾತ ತೆಗ್ದಾಕಕ್ಕಾಯ್ತದಾ? ನೀನ್ಯಾಕೆ ಯೋಚ್ನೆ ಮಾಡೀಯೆ, ಒಲ್ಗೆ ಕೆಲ್ಸ ನಿನ್ಗೇ ಕೊಡಿಸ್ತೀನಿ. ನಿನ್ಗೂ ಕೂಲಿ ಆಯ್ತದೆ."

ಕೂಲಿ! ನಾವಿಬ್ಬರೂ ಒಂದೇ ಎಂದ ಬಾಯಲ್ಲಿ ಬಂದ ಮಾತು.

"ನಂಗೆ ಜಾಂಡೀಸು ಕಣಕ್ಕ, ಏಳೋಕಾಗ್ತಿಲ್ಲ" ಎಂದು ಹೇಳಿ ಹೊರಟುಬಂದೆ. ಹಿಂದಿನಿಂದ ಕೂಗಿದಳು. ನಾನು ನಿಲ್ಲಲಿಲ್ಲ.

ಕೆಲಸ ಮೈದುನನಿಗೇ ಸಿಕ್ಕಿತು. ಅಲ್ಲಿ ಹೊಲಿಯುವವರು ಬೇಕೆಂದು ನಮ್ಮ ಹೆಂಗಸರಿಗೆ ಕರೆ ಬಂತು. ಅವರು ನನ್ನ ಮುಖ ನೋಡುತ್ತಾ ನಿಂತರು. ನನ್ನಲ್ಲಿ ಕೊಡಲು ಕೆಲಸವಿರಲಿಲ್ಲ. "ಹೋಗ್ರವ್ವ, ನನ್ನ ಮುಖ ನೋಡ್ಕೊಂಡು ಕೂತ್ರೆ ನಿಮ್ಮನೇಲಿ ಒಲೆ ಉರಿಯುತ್ತಾ?" ಎಂದು ನಾನೇ ಕಳಿಸಿದೆ. ಕಳಿಸಿದ ಮೇಲೆ ಖಾಲಿ ಮೆಷಿನ್‌ಗಳ ನಡುವೆ ಕೂತು ಅತ್ತೆ. ಆಮೇಲೆ ರವಿಕೆ ಹೊಲಿದು, ಸೀರೆಗೆ ಫಾಲ್ಸ್ ಹಾಕಿಕೊಂಡು ಘಟಕವನ್ನು ಹೇಗೋ ಉಳಿಸಿಕೊಂಡೆ.

ಈ ವರ್ಷ ಮತ್ತೆ ಹಾಸ್ಟೆಲುಗಳ ಖರೀದಿಗೆ ಸಭೆ ಕರೆಯುತ್ತಾರೆಂದು ಕೇಳಿ, ಅದು ಎಂದಿಗೆ ಎಂದು ನಾನೇ ಆಫೀಸಿಗೆ ಹೋಗಿ ತಿಳಿದುಕೊಂಡು ಬಂದೆ. ಅಧಿಕಾರಿ ಬದಲಾಗಿದ್ದರು. ಅಭಿಪ್ರಾಯ ಕೇಳಿದಾಗ ಎದ್ದು ನಿಂತೆ.

"ತಾಲ್ಲೂಕುವಾರು ಹಂಚಿ ಸಾ. ಎಲ್ಲಾ ಒಂದೇ ಮಾಡಿದ್ರೆ ನಮ್ಮಂಥೋರು ಬಾಗಿಲಾಚೇನೇ ನಿಂತಿರ್ಬೇಕಾಗುತ್ತೆ."

ಇನ್ನೂ ಒಂದಿಬ್ಬರು ಹೌದು ಹೌದು ಎಂದರು. ಮುಂದಿನ ಸಾಲಿನಲ್ಲಿದ್ದ ಅಕ್ಕ ತಿರುಗಿ ನೋಡಲಿಲ್ಲ. ಪರಿಶೀಲಿಸುತ್ತೇವೆ ಎಂದರು ಅಧಿಕಾರಿ. ಟೆಂಡರ್ ಇನ್ನೂ ಕರೆದಿಲ್ಲ, ಏನಾಗುತ್ತದೋ ತಿಳಿಯದು.

ಊರಿಗೆ ಅದೇ ಬಸ್ಸು. ಅಕ್ಕ ಪಕ್ಕದ ಸೀಟಿನ ಮೇಲೆ ಕೈಯಿಟ್ಟು, "ಬಾರೆ, ಕೂತ್ಕ" ಅಂದಳು. ನಾನು ಅವಳ ಹಿಂದಿನ ಸೀಟಿನಲ್ಲಿ ಹೋಗಿ ಕುಳಿತೆ. ಅವಳ ತುರುಬಿನ ಕನಕಾಂಬರ ಜಾರಿ ಇನ್ನೇನು ಬೀಳುವಂತಿತ್ತು. ಅದನ್ನು ಸರಿಮಾಡಲು ಕೈ ತಾನೇ ಮುಂದಾಯಿತು. ಹಿಂದಕ್ಕೆಳೆದುಕೊಂಡು, ಮಡಿಲಿನ ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದೆ.