ಅವ್ವ ರೇಡಿಯೋದಲ್ಲಿ ಹೇಳಬೇಕಿದ್ದ ಮಾತು

ಮನೆಗೊಂದೇ ಫೋನಿದ್ದು, ಅದರ ವೈರು ಅಡುಗೆಮನೆಯ ಬಾಗಿಲವರೆಗೆ ಮಾತ್ರ ಎಟುಕುತ್ತಿದ್ದ ಕಾಲವದು. ನಾನಾಗ ಪ್ರೈಮರಿ ಫೋರ್. ನಾವು ಕಡಲು ದಾಟಿ ಬಂದು ನೆಲೆಸಿದ್ದ ಯಿಶುನ್‌ನಲ್ಲಿ, ಒಂಬತ್ತನೇ ಮಹಡಿಯ ನಮ್ಮ ಫ್ಲ್ಯಾಟಿನಲ್ಲಿ ಸಂಜೆ ಆರಾಯಿತೆಂದರೆ ಎರಡು ಸದ್ದು ಒಟ್ಟಿಗೇ ಶುರುವಾಗುತ್ತಿದ್ದವು. ಒಂದು ಅವ್ವ ರೊಟ್ಟಿ ಬಡಿಯುವುದು, ಇನ್ನೊಂದು ರೇಡಿಯೋದಲ್ಲಿ ಗಂಡಸರು ಫುಟ್‌ಬಾಲ್ ಬಗ್ಗೆ ಕಿತ್ತಾಡುವುದು. ಬಾಗಲಕೋಟೆಯಿಂದ ಚೀಲ ಕಟ್ಟಿ ತಂದ ಜೋಳದ ಹಿಟ್ಟು, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಾಗ ಏಳುವ ಬಿಸಿ ವಾಸನೆ, ಅದರ ಜೊತೆಗೆ ಇಂಗ್ಲಿಷ್ ಜಗಳ. ಆಹಾ, ಏನು ಜೋಡಿ!

ಆ ಸ್ಪೋರ್ಟ್ಸ್ ಕಾರ್ಯಕ್ರಮದಲ್ಲಿ ವಾರಗಟ್ಟಲೆ ಒಂದೇ ಪ್ರಶ್ನೆ. ನಮ್ಮ ತಂಡ ಗೆಲ್ಲಬೇಕಾದರೆ ಹೊರದೇಶದ ಆಟಗಾರರನ್ನು ಕರೆಸಬೇಕೋ, ಇಲ್ಲಿನ ಹುಡುಗರೇ ಸಾಕೋ? ಸೋಮವಾರ ಒಬ್ಬ ಬೇಕು ಅನ್ನುತ್ತಿದ್ದ, ಮಂಗಳವಾರ ಇನ್ನೊಬ್ಬ ಬೇಡ ಅನ್ನುತ್ತಿದ್ದ, ಬುಧವಾರ ಮೊದಲಿನವನೇ ಮತ್ತೆ ಫೋನ್ ಮಾಡಿ ಬೇಕೇ ಬೇಕು ಅನ್ನುತ್ತಿದ್ದ. ಒಂದು ಮ್ಯಾಚನ್ನೂ ನೋಡಿರದ ಅವ್ವನಿಗೆ ಅವರೆಲ್ಲರ ದನಿಯೂ ಪರಿಚಯ. “ಬಂದಾ ನೋಡು ಕ್ಲೆಮೆಂಟಿ ಏರಿಯಾದಂವಾ. ಈಗ ಕೋಚಿಗೆ ಬೈತಾನ,” ಅನ್ನುತ್ತಿದ್ದಳು. ಅವನು ಬೈದೇ ಬೈಯುತ್ತಿದ್ದ.

ಒಂದು ದಿನ ಅವ್ವ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿಬಿಟ್ಟಳು.

“ಇವ್ರಿಗೆ ಯಾರಿಗೂ ಹೊಳೀವಲ್ದಲ್ಲ! ನಮ್ಮ ವಾಯ್ಡ್ ಡೆಕ್ಕಿನ್ಯಾಗ ಏನಂತ ಬೋರ್ಡ್ ಹಾಕ್ಯಾರ?”

ಬ್ಲಾಕಿನ ಕೆಳಗೆ ಕಂಬಗಳ ನಡುವಿನ ಆ ಖಾಲಿ ಜಾಗದಲ್ಲಿ ನಾನು ದಿನವೂ ಓಡಾಡುವವಳು. “ನೋ ಫುಟ್‌ಬಾಲ್” ಅಂದೆ.

“ಮತ್ತ? ಕೆಳಗ ಚೆಂಡು ಒದ್ರ ಬೈತಾರ, ಮ್ಯಾಲ ಬಂದ್ರ ಟ್ಯೂಷನ್. ಹುಡುಗ್ರು ಎಲ್ಲಿ ಆಡಿ ಕಲೀಬೇಕು? ಮೊದಲ ಆ ಬೋರ್ಡ್ ತಗೀರಿ, ಆಮ್ಯಾಲ ಹೊರಗಿನವ್ರ ಮಾತು. ಇದನ್ನ ನಾ ಹೇಳಬೇಕು. ಫೋನ್ ಹಚ್ಚು.”

ಹಿಂದಿನ ವಾರವಷ್ಟೇ ಸ್ಕೂಲ್ ಬಸ್ಸಿನಲ್ಲಿ ಹುಡುಗರು, ಈ ಕಾರ್ಯಕ್ರಮಕ್ಕೆ ಫೋನ್ ಮಾಡಿದ್ದ ಒಬ್ಬ ಇಂಡಿಯನ್ ಅಂಕಲ್‌ನ ಇಂಗ್ಲಿಷನ್ನು ಅಣಕಿಸಿ ಬಿದ್ದು ಬಿದ್ದು ನಕ್ಕಿದ್ದರು. ನಾನೂ ನಕ್ಕಿದ್ದೆ. ಅವ್ವನೋ, ಸ್ಕೂಲಿಗೆ ‘ಇಸ್ಕೂಲ್’ ಅನ್ನುವವಳು. ಅವಳ ದನಿ ರೇಡಿಯೋದಲ್ಲಿ ಬಂದರೆ ಮರುದಿನ ಬಸ್ಸಿನಲ್ಲಿ ನನ್ನ ಗತಿ?

ಅವ್ವನ ಕೈಯೆಲ್ಲ ಹಿಟ್ಟು, ಹಾಗಾಗಿ ನಂಬರ್ ಒತ್ತುವ ಕೆಲಸ ನನ್ನದು. ಏನು ಮಾಡಿದೆ ಗೊತ್ತೇ? ನಮ್ಮ ಮನೆಯ ನಂಬರನ್ನೇ ಒತ್ತಿದೆ. ನಮ್ಮ ಫೋನಿನಿಂದ ನಮ್ಮ ಫೋನಿಗೇ ಮಾಡಿದರೆ ಎಂಗೇಜ್ ಬಾರದೆ ಇನ್ನೇನು ಬಂದೀತು? ಅನುಮಾನ ಬರದಿರಲಿ ಎಂದು ರಿಸೀವರನ್ನು ಅವಳ ಕಿವಿಗೂ ಹಿಡಿದೆ.

“ಎಂಗೇಜ್ ಲಾ, ಅವ್ವಾ,” ಅಂದೆ, ಇಲ್ಲಿ ಎಲ್ಲರೂ ಮಾತಿನ ಬಾಲಕ್ಕೆ ಹಚ್ಚುವ ‘ಲಾ’ ಸೇರಿಸಿ.

“ಲಾ ಗೀ ಲಾ ಬ್ಯಾಡ. ಇನ್ನೊಮ್ಮೆ ಹಚ್ಚು.”

ಹನ್ನೊಂದು ಸಂಜೆ ಹೀಗೇ ನಡೆಯಿತು. ಅವ್ವ ತನ್ನ ನಾಲ್ಕು ಇಂಗ್ಲಿಷ್ ವಾಕ್ಯಗಳನ್ನು ರೊಟ್ಟಿ ಬಡಿಯುತ್ತಲೇ ಬಾಯಿಪಾಠ ಮಾಡುತ್ತಿದ್ದಳು, ನನ್ನಿಂದ ಉಚ್ಚಾರ ತಿದ್ದಿಸಿಕೊಳ್ಳುತ್ತಿದ್ದಳು. ನಾನು ತಿದ್ದುತ್ತಲೂ ಇದ್ದೆ, ಕಳ್ಳಿ! ಕಾರ್ಯಕ್ರಮ ಮುಗಿದ ಮೇಲೆ ದಿನವೂ ಅವಳೇ ಸಮಾಧಾನ ಹೇಳುತ್ತಿದ್ದಳು: “ಇನ್ನೂ ಯಾರೂ ಹೇಳಿಲ್ಲ ನೋಡು. ನಾಳೆ ಹತ್ತೇ ಹತ್ತತೈತಿ.”

ಹನ್ನೆರಡನೆಯ ಸಂಜೆ ಜುರಾಂಗ್ ಈಸ್ಟ್‌ನಿಂದ ಯಾರೋ ಫೋನ್ ಮಾಡಿದ. ವಾಯ್ಡ್ ಡೆಕ್ ಅಂದ. ಬೋರ್ಡ್ ಅಂದ. ಟ್ಯೂಷನ್ ಅಂದ. ಅವ್ವನ ಮಾತೇ, ಒಂದನ್ನೂ ಬಿಡದೆ. ಕಾರ್ಯಕ್ರಮ ನಡೆಸುವವನಿಗೆ ಖುಷಿಯೋ ಖುಷಿ. ಇಷ್ಟು ವಾರಗಳಲ್ಲಿ ಇದೇ ಮೊದಲ ಹೊಸ ಮಾತು ಬ್ರದರ್, ಎಂದು ಕೂಗಿದ.

ಅವ್ವನ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. “ಹೇಳೇಬಿಟ್ಟನಲ್ಲ,” ಅಂದಳು ಸಣ್ಣಗೆ.

ನಾನು ರಿಸೀವರ್ ಹಿಡಿದೇ ನಿಂತಿದ್ದೆ. ನಿಜ ಹೇಳಿಬಿಡಲೇ ಅನ್ನಿಸಿತು. ಅಷ್ಟರಲ್ಲಿ ಅವ್ವ ಮುಂಗೈಯಿಂದ ಮೂಗು ಒರೆಸಿಕೊಂಡು, ಆಗಷ್ಟೇ ಹಂಚಿನಿಂದ ಇಳಿದ ರೊಟ್ಟಿಗೆ ಬೆಣ್ಣೆ ಸವರಿ ನನ್ನ ಕೈಗಿಟ್ಟಳು.

“ತಿನ್ನು. ದಿನಾ ನನ್ನ ಸಲುವಾಗಿ ಎಷ್ಟು ಒದ್ದಾಡಿದಿ, ಪಾಪ.”

ಆ ರೊಟ್ಟಿ ನುಂಗಿದೆ, ನೀರು ಕುಡಿದೆ, ಹೋಮ್‌ವರ್ಕ್ ಇದೆ ಎಂದು ಕೋಣೆಗೆ ಹೋಗಿ ಅತ್ತೆ. ಮರುದಿನವೂ ಅವ್ವ ರೇಡಿಯೋ ಹಾಕಿದಳು, ಆದರೆ ಫೋನ್ ಹಚ್ಚು ಅನ್ನಲಿಲ್ಲ. ಆಮೇಲೆ ಯಾವತ್ತೂ ಅನ್ನಲಿಲ್ಲ.

ಆ ಕಾರ್ಯಕ್ರಮ ನಿಂತು ಎಷ್ಟೋ ವರ್ಷವಾಯಿತು. ಜಗಳ ಮಾತ್ರ ನಿಂತಿಲ್ಲ. ಈಗ ಎಲ್ಲರೂ ಮೊಬೈಲಿನಲ್ಲಿ ಟೈಪ್ ಮಾಡಿ ಜಗಳವಾಡುತ್ತಾರೆ, ಯಾರಿಗೂ ಸರದಿ ಕಾಯುವ ಗೋಜಿಲ್ಲ. ಮೊನ್ನೆ ಊಟಕ್ಕೆ ಬಂದ ಗೆಳೆಯರು ಅದೇ ಹಳೇ ಪ್ರಶ್ನೆ ಎತ್ತಿದರು. ನಾನು ಆಸೆಯಿಂದ ಅವ್ವನ ಕಡೆ ತಿರುಗಿ, “ನೀನು ಹೇಳವ್ವಾ” ಅಂದೆ.

“ನನಗೇನ್ ತಿಳೀತೈತಿ? ನೀವ ಮಾತಾಡ್ರಿ,” ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

“ಆಂಟಿ ತುಂಬಾ ಸೈಲೆಂಟ್ ಅಲ್ವಾ?” ಅಂದಳು ಗೆಳತಿ.

ಒಂದು ಕಾಲಕ್ಕೆ ಅವ್ವನ ಹತ್ತಿರ ಬೇರೆ ಯಾರಿಗೂ ಹೊಳೆಯದ ಮಾತೊಂದಿತ್ತು. ಕೇಳಲು ಇಡೀ ಊರಿತ್ತು. ನಡುವೆ ಫೋನ್ ಹಿಡಿದುಕೊಂಡು ನಾನು ನಿಂತಿದ್ದೆ.